ಕಿಂಡಿ ಬಿಡೂಣೇನ್ರಿ ಸರ

ಏಪ್ರಿಲ್ ೧೪, ಭಾನುವಾರ

…‘ಆಮ್ಯಾಲ ಎಲ್ಲಿಗೆ ಹೋಗತೈತ್ರಿ ಸರ?’ ಎಂದು ಕೇಳಿದ್ದು ಯಾರು, ನೆನಪಾಗುತ್ತಿಲ್ಲ. ಮೊರಬದ ಶಾಲೆ, ಎಂಟನೆಯ ತರಗತಿ, ಇಪ್ಪತ್ತು ವರ್ಷವಾದರೂ ಆಗಿರಬೇಕು. ಬಿಸಿಯಾದ ಗಾಳಿ ಹಗುರಾಗಿ ಮೇಲಕ್ಕೆ ಹೋಗುತ್ತದೆ ಎಂದು ಹೇಳಿ, ಹಲಗೆಯ ಮೇಲೆ ಒಂದು ಮನೆ ಬರೆದು, ಅದರೊಳಗೆ ಮೂರು ಬಾಣ ಎಳೆದಿದ್ದೆ. ಬಾಣಗಳು ಮಾಳಿಗೆಗೆ ತಾಗಿ ನಿಂತಿದ್ದವು. ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಕೇಳಿದವನ ಮುಖ ಮರೆತಿದೆ. ನಾನು ಕೊಟ್ಟ ಉತ್ತರ ಮಾತ್ರ ಸ್ಪಷ್ಟವಾಗಿ ನೆನಪಿದೆ: ‘ಕುಂದ್ರು.’

ಇವತ್ತು ಮಧ್ಯಾಹ್ನ ಅಂಗಾತ ಮಲಗಿ ಬೆವರುತ್ತಿದ್ದಾಗ ಆ ಬಾಣಗಳು ತಲೆಗೆ ಬಂದವು. ನಮ್ಮ ಅಬ್ಬಾ ಕಟ್ಟಿಸಿದ ಮಣ್ಣಿನ ಮಾಳಿಗೆಯ ಸೂರು ಕೆಡವಿ ಸ್ಲ್ಯಾಬ್ ಹಾಕಿಸಿ ಇದು ಎರಡನೆಯ ಬೇಸಿಗೆ. ಸ್ಲ್ಯಾಬಿನ ಕೆಳಗೆ ಎರಡಡಿ ಬಿಟ್ಟು, ಹುಬ್ಬಳ್ಳಿಯಿಂದ ತಂದ ಬಿಳಿ ಪ್ಲಾಸ್ಟಿಕ್ ಪಟ್ಟಿಗಳ ಛತ್ತು ಹೊಡೆಸಿದ್ದೇನೆ. ನಡುವೆ ಒಂದು ಅಟ್ಟ ಉಳಿದಿದೆ. ಸಾಮಾನು ಇಡಲು ಬಾರದ, ಮನುಷ್ಯ ನುಸುಳಲು ಬಾರದ ಅಟ್ಟ. ನೋಡಲು ಚೆನ್ನಾಗಿದೆ. ಬಂದವರೆಲ್ಲ ಬ್ಯಾಂಕಿನಂತೆ ಇದೆ ಎಂದಿದ್ದರು.

ನನ್ನ ಹೆಂಡತಿ ತಬಸುಮ್ ಜಮಖಾನ ನೇಯುವವಳು. ಹಬ್ಬ ಮುಗಿದ ಮರುದಿನವೇ ಮಗ್ಗದ ಕಂಬ ಬಿಚ್ಚಿಸಿ ಎದುರು ಮನೆಯ ಗೌರಕ್ಕನ ಪಡಸಾಲೆಯಲ್ಲಿ ಹೂಡಿಸಿದ್ದಾಳೆ. ಅವರದು ಇನ್ನೂ ಮಣ್ಣಿನ ಮಾಳಿಗೆ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಮ್ಮ ಮನೆಯಲ್ಲಿ ಮಾತು ಉರ್ದು. ಜಗಳ ಮಾತ್ರ ಕನ್ನಡ, ಓಣಿಗೂ ತಿಳಿಯಲಿ ಎಂದು. ಹೋಗುವಾಗ ಅವಳು ಕನ್ನಡದಲ್ಲಿ ಹೇಳಿದಳು:

‘ಇದೊಂದು ಜಮಖಾನ ಅಲ್ಲೇ ಮುಗಸ್ತೀನಿ. ಮುಂದಿನ ಹಾಸು ಎಲ್ಲಿ ಉಸಿರಾಡಾಕ ಬರತೈತಿ ಅಲ್ಲಿ. ಇಲ್ಲಿ ಬಂದ್ರ ಇಲ್ಲಿ. ಇಲ್ಲಂದ್ರ ಅಲ್ಲೇ ಕಾಯಂ.’

ಹಾಸಿನ ನೂಲು ಒಮ್ಮೆ ಬಿಗಿದರೆ, ಜಮಖಾನ ಮುಗಿದು ಕತ್ತರಿಸುವ ತನಕ ಮಗ್ಗ ಅಲುಗಿಸುವಂತಿಲ್ಲ. ಇದು ಒಂಬತ್ತು ಗೇಣಿನದು. ನಡುವೆ ಪಗಡೆಯ ಪಟ, ನಾಲ್ಕು ಮೂಲೆಗೆ ನವಿಲು. ದಿನಕ್ಕೆ ನಾಲ್ಕು ಬೆರಳು ಎದ್ದರೆ ಹೆಚ್ಚು. ಅಂದರೆ ಮೇ ತಿಂಗಳ ನಡುವಿನವರೆಗೆ ಸಮಯವಿದೆ. ಅಷ್ಟರಲ್ಲಿ ಈ ಮನೆಯನ್ನು ತಣ್ಣಗೆ ಮಾಡಬೇಕು. ಇದು ಆತಂಕದ ವಿಷಯವಲ್ಲ, ಭೌತಶಾಸ್ತ್ರದ ವಿಷಯ.

ಅಮ್ಮನ ಕಾಲದಿಂದಲೂ ಈ ಮನೆಯಲ್ಲಿ ಹಗಲೆಲ್ಲ ಪಂಜಾದ ಸದ್ದು ಇರುತ್ತಿತ್ತು, ಹೊಕ್ಕಿನ ನೂಲನ್ನು ಕೆಳಕ್ಕೆ ಬಡಿಯುವ ಆ ಕಬ್ಬಿಣದ ಕೈಯ ಸದ್ದು. ಈಗ ರಸ್ತೆಯ ಆಚೆಯಿಂದ ಕೇಳಿಸುತ್ತದೆ. ಅದರಿಂದ ನನಗೇನೂ ತೊಂದರೆಯಿಲ್ಲ.

ಏಪ್ರಿಲ್ ೧೬, ಮಂಗಳವಾರ

ರಜೆಗೆಂದು ಶಾಲೆಯ ಪ್ರಯೋಗಾಲಯದಿಂದ ಎರಡು ಉಷ್ಣಮಾಪಕ ತಂದಿದ್ದೇನೆ. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಪಡಸಾಲೆಯಲ್ಲಿ ೩೯. ಹೋಲಿಕೆಗೆ ಎದುರು ಮನೆಯದೂ ಬೇಕಲ್ಲ. ನಾನೇ ಹೋಗಿ ಅಳೆದರೆ ಸೋತು ಬಂದಂತೆ ಕಾಣಬಹುದು. ಎರಡನೆಯದನ್ನು ತಬಸುಮಳ ಊಟದ ಡಬ್ಬಿಯಲ್ಲಿ ರೊಟ್ಟಿಯ ಮಡಿಕೆಯಲ್ಲಿಟ್ಟು, ಮೂರಕ್ಕೆ ನೋಡಿ ಬರೆದುಕೋ ಎಂದು ಚೀಟಿ ಹಾಕಿದ್ದೆ.

ಸಂಜೆ ಡಬ್ಬಿ ವಾಪಸು ಬಂತು. ಉಷ್ಣಮಾಪಕವನ್ನು ತೊಳೆದು, ಒರೆಸಿ, ಚಮಚದ ಜೊತೆ ಇಟ್ಟಿದ್ದಳು. ಚೀಟಿಯ ಹಿಂದೆ ಒಂದೇ ಸಾಲು: ‘ನಾಳೆ ಉಪ್ಪಿನಕಾಯಿ ಹಾಕಿ ಕಳಸ್ರಿ.’

ಏಪ್ರಿಲ್ ೧೯, ಶುಕ್ರವಾರ

ಸ್ಲ್ಯಾಬಿನ ಮೇಲೆ ಎರಡು ಕೈ ಸುಣ್ಣ ಬಳಿದೆ. ಬಿಳಿಯ ಮೇಲ್ಮೈ ಬಿಸಿಲನ್ನು ಹಿಂದಿರುಗಿಸುತ್ತದೆ, ಪಾಠಪುಸ್ತಕದಲ್ಲೇ ಇದೆ. ಎದುರಿನ ಕಟ್ಟೆಯ ಮೇಲೆ ಗೌರಕ್ಕನ ಗಂಡ ಶಂಭುಲಿಂಗಪ್ಪ ಕೂತಿದ್ದರು. ಮೊಣಕಾಲು ನೋವು ಬಂದ ಮೇಲೆ ಅವರ ಹಗಲೆಲ್ಲ ಆ ಕಟ್ಟೆಯ ಮೇಲೆಯೇ, ಕಣ್ಣೆಲ್ಲ ನಮ್ಮ ಮನೆಯ ಮೇಲೆಯೇ.

‘ಮಾಸ್ತರ, ಮದವಿ ಮನಿ ಏನ್ರಿ?’

‘ಸೆಕಿ ತಡ್ಯಾಕರಿ.’

‘ಹೊರಗಿಂದು ತಡದ್ರಿ ಬಿಡ್ರಿ. ಒಳಗ ಹೊಕ್ಕೊಂಡಾಕಿನ್ನ ಹೆಂಗ ಹೊರಗ ಹಾಕ್ತೀರಿ?’

ಸೆಕೆಯನ್ನು ಅವರು ಹೆಂಗಸಾಗಿ ಮಾಡಿದ್ದು ಉದ್ದೇಶಪೂರ್ವಕವೋ ಅಲ್ಲವೋ ತಿಳಿಯಲಿಲ್ಲ. ಫಲಿತಾಂಶ: ೩೭.೫. ಒಂದೂವರೆ ಡಿಗ್ರಿ ಗೆದ್ದಿದ್ದೇನೆ. ಕೈಯ ಚರ್ಮ ಸುಣ್ಣಕ್ಕೆ ಸುಲಿದಿದೆ.

ಏಪ್ರಿಲ್ ೨೦, ಶನಿವಾರ

ಛತ್ತಿನ ಒಂದು ಪಟ್ಟಿ ಸರಿಸಿ, ಸ್ಟೂಲಿನ ಮೇಲೆ ನಿಂತು ಅಟ್ಟದೊಳಗೆ ತಲೆ ತೂರಿದೆ. ಐವತ್ತೆರಡು ಡಿಗ್ರಿ.

ಅಲ್ಲಿ ಗಾಳಿ ಇದೆ ಎನ್ನುವುದಕ್ಕಿಂತ, ಎರಡು ವರ್ಷದಿಂದ ಕೂಡಿಹಾಕಿದ್ದೇನೆ ಎನ್ನಬೇಕು. ಹಲಗೆಯ ಮೇಲಿನ ಮೂರು ಬಾಣಗಳು ಇಲ್ಲಿ ಬಂದು ಕೂತಿವೆ. ಕುಂದ್ರು ಎಂದದ್ದು ಅವಕ್ಕೂ ಕೇಳಿಸಿರಬೇಕು.

ಏಪ್ರಿಲ್ ೨೪, ಬುಧವಾರ

ನಿನ್ನೆ ಹೊಲದಿಂದ ಇಪ್ಪತ್ತು ಸಿವುಡು ಜೋಳದ ಕಣಿಕೆ ತರಿಸಿ ಸ್ಲ್ಯಾಬಿನ ಮೇಲೆ ದಪ್ಪಗೆ ಹರಡಿ, ಮೇಲೆ ನೀರು ಚಿಮುಕಿಸಿದೆ. ಕಣಿಕೆಯ ನಡುವೆ ನಿಂತ ಗಾಳಿ ಶಾಖವನ್ನು ಕೆಳಗೆ ಬಿಡುವುದಿಲ್ಲ. ರಾತ್ರಿ ಮಲಗುವಾಗ ವ್ಯತ್ಯಾಸ ಗೊತ್ತಾಯಿತು. ತಬಸುಮಳಿಗೆ ಹೇಳಿದೆ. ‘ಹ್ಞೂಂ’ ಎಂದಳು. ಅದು ಉರ್ದುವಿನಲ್ಲೋ ಕನ್ನಡದಲ್ಲೋ ಎಂದು ಬಹಳ ಹೊತ್ತು ಯೋಚಿಸಿದೆ.

ಇವತ್ತು ಬೆಳಿಗ್ಗೆ ಮಾಳಿಗೆಯ ಮೇಲೆ ಏನೋ ನಡೆದಾಡುವ ಸದ್ದು. ಹೋಗಿ ನೋಡಿದರೆ ಗೌರಕ್ಕನ ಎರಡು ಆಡುಗಳು, ಹೊರಗಿನ ಮೆಟ್ಟಿಲು ಹತ್ತಿ ಬಂದು, ನನ್ನ ಶಾಖನಿರೋಧಕವನ್ನು ಅರ್ಧ ತಿಂದು ಮುಗಿಸಿದ್ದವು. ನೀರು ಚಿಮುಕಿಸಿದ್ದರಿಂದ ಮೆತ್ತಗಾಗಿತ್ತು, ರುಚಿಯೂ ಹೆಚ್ಚಿರಬೇಕು. ಗೌರಕ್ಕ ಕೆಳಗೆ ನಿಂತು ಕೂಗಿದರು:

‘ಬೈಬ್ಯಾಡ್ರಿ ಮಾಸ್ತರ. ಅವಕ್ಕೇನ ಗೊತ್ತರಿ ಪಾಪ, ಅದು ವಿಜ್ಞಾನ ಅಂತ.’

ಏಪ್ರಿಲ್ ೨೭, ಶನಿವಾರ

ಹೊರಗೆ ೪೧. ಜಮಖಾನ ಎಷ್ಟು ಎದ್ದಿದೆ ಎಂದು ಅಳೆಯುವುದು ಅಗತ್ಯವಾಗಿತ್ತು, ನನ್ನ ಉಳಿದ ದಿನಗಳ ಅಂದಾಜಿಗಾಗಿ. ಹನ್ನೆರಡೂವರೆಗೆ ಗೇಣು ಹಾಕಲು ಗೌರಕ್ಕನ ಮನೆಗೆ ಹೋದೆ. ಮೂರು ಗೇಣು. ಪಗಡೆಯ ಪಟ ಶುರುವಾಗಿದೆ.

ಮಾಳಿಗೆಯ ನಡುವಿನ ಕಿಂಡಿಯಿಂದ ಬಿಸಿಲಿನ ಒಂದು ಬಿಲ್ಲೆ ನೆಲಕ್ಕೆ ಬಿದ್ದಿತ್ತು. ಅದು ನಿಧಾನವಾಗಿ ಸರಿದು ಮಗ್ಗದ ಬಲಗಂಬಕ್ಕೆ ತಾಗಿದಾಗ ತಬಸುಮ್ ಪಂಜಾ ಕೆಳಗಿಟ್ಟು ಎದ್ದಳು. ಗೌರಕ್ಕ ಚಹಾಕ್ಕೆ ಇಟ್ಟರು. ಈ ಮನೆಯಲ್ಲಿ ಗಡಿಯಾರ ಇಲ್ಲವೆಂದಲ್ಲ, ಯಾರೂ ಅದರತ್ತ ನೋಡುವುದಿಲ್ಲ. ಬಾಗಿಲಿನಿಂದ ಬಂದ ಗಾಳಿ ಕಾಲು ಸವರಿ, ಕಿಂಡಿಯತ್ತ ಏರಿ ಹೋಗುವುದು ಗೊತ್ತಾಗುತ್ತಿತ್ತು. ಇದನ್ನು ಗಮನಿಸಲು ಗೋಡೆಗೆ ಒರಗಿ ಕೂತೆ.

ಎಚ್ಚರವಾದಾಗ ಶಂಭುಲಿಂಗಪ್ಪ ಬಾಗಿಲಲ್ಲಿ ನಿಂತಿದ್ದರು. ‘ಅಳತಿ ಮುಗೀತೇನ್ರಿ ಮಾಸ್ತರ? ನಾಲ್ಕು ಹೊಡೀತು.’

ತಬಸುಮ್ ತಿರುಗಿ ನೋಡದೆ, ‘ಇನ್ನ ಗೊರಕಿ ಒಂದು ಅಳಿಯೂದು ಉಳದೈತ್ರಿ’ ಎಂದಳು.

ಮೇ ೧, ಬುಧವಾರ

ಅಟ್ಟದ ಗೋಡೆಗೆ ತೂತು ಕೊರೆದು, ಗಾಳಿ ಹೊರಗೆಳೆಯುವ ಪಂಖ ಕೂಡಿಸಿದೆ. ಛತ್ತಿನ ಎರಡು ಪಟ್ಟಿ ತೆಗೆದೆ. ಪಂಖ ತಿರುಗಿದ ಅರ್ಧ ಗಂಟೆಯಲ್ಲಿ ಎರಡು ಡಿಗ್ರಿ ಇಳಿಯಿತು. ಸಂತೋಷವಾಗಿ ಅಡುಗೆಗೆ ನಿಂತೆ. ಬೇಳೆಗೆ ಒಗ್ಗರಣೆ, ಬ್ಯಾಡಗಿ ಮೆಣಸಿನಕಾಯಿ ತುಸು ಹೆಚ್ಚೇ ಹುರಿದಿರಬೇಕು. ಪಂಖದ ಮುಖ ರಸ್ತೆಯ ಕಡೆ ಇದೆ ಎನ್ನುವುದು ಆಗ ಹೊಳೆಯಲಿಲ್ಲ. ಎದುರಿನ ಕಟ್ಟೆಯಿಂದ ಸೀನು ಕೇಳತೊಡಗಿತು. ಹನ್ನೊಂದು ಸೀನು, ಒಂದರ ಹಿಂದೊಂದು. ನಡುವೆ ಒಮ್ಮೆ ಬಸವಣ್ಣನ ಹೆಸರು, ಒಮ್ಮೆ ನನ್ನ ಹೆಸರು.

‘ಮಾಸ್ತರ, ನಿಮ್ಮ ಮನಿ ತಣ್ಣಗಾಗಲಿ, ಬ್ಯಾಡಾ ಅನ್ನಂಗಿಲ್ಲ. ನನ್ನ ಜೀವಾ ಯಾಕ ತಣ್ಣಗ ಮಾಡ್ತೀರಿ?’

ಒಂದು ಗಂಟೆಗೆ ಕರೆಂಟ್ ಹೋಯಿತು. ಎಂದಿನಂತೆ ನಾಲ್ಕಕ್ಕೆ ಬಂತು. ಬಿಸಿಲಿನ ಪೂರ್ತಿ ಅವಧಿಗೆ ಪಂಖ ಬಾಯಿ ತೆರೆದುಕೊಂಡು ಸುಮ್ಮನಿತ್ತು. ಒಳಗೆ ೩೮.

ಮೇ ೮, ಬುಧವಾರ

ಮತದಾನದ ಕೆಲಸಕ್ಕೆ ಹಾಕಿದ್ದರು, ಕಲಘಟಗಿಯ ಆಚೆ ಕಾಡಂಚಿನ ಒಂದು ಶಾಲೆ. ಹಳೆಯ ಹೆಂಚಿನದು. ಎರಡು ದಿನ ಅಲ್ಲಿದ್ದೆ. ಬೆಂಚಿನ ಮೇಲೆ ಮಲಗಿ ನೋಡಿದರೆ ಹೆಂಚಿನ ಸಂದಿಯಲ್ಲೆಲ್ಲ ಬೆಳಕು. ಮಾಡು ಪೂರ್ತಿ ಕಿಂಡಿಯೇ. ಇಂಥ ನಿದ್ದೆ ಎರಡು ವರ್ಷದಿಂದ ಆಗಿರಲಿಲ್ಲ.

ಬಂದವನು ಮೊದಲು ಮನೆಗೆ ಹೋಗಬೇಕಿತ್ತು. ಎದುರು ಮನೆಗೆ ಹೋದೆ. ಆರು ಗೇಣು. ಪಗಡೆಯ ಪಟ ಮುಗಿದಿದೆ, ಮೇಲಿನ ನವಿಲುಗಳ ಕಾಲು ಮೂಡಿವೆ. ಇನ್ನು ಹತ್ತು ದಿನ. ತಬಸುಮ್ ಹೇಗಾಯಿತು ಎಂದು ಕೇಳಲಿಲ್ಲ. ಗೌರಕ್ಕನಿಗೆ ಹೇಳುವಂತೆ ಹೇಳಿದಳು: ‘ನಿಮ್ಮ ಪಡಸಾಲಿ ಎಷ್ಟು ದಿನ ಕೆಡಸಲೆಬೇ? ಆದ್ರೂ ಇನ್ನೊಂದು ಹಾಸಿನ ನೂಲು ಇಲ್ಲೇ ತರಸೂಣೇನು?’

ಗೌರಕ್ಕ ನನ್ನ ಮುಖ ನೋಡಿದರು. ‘ಅವಸರ ಏನೈತವ್ವಾ’ ಎಂದರು.

ಮೇ ೧೦, ಶುಕ್ರವಾರ

ಸ್ಲ್ಯಾಬ್ ಹಾಕಿದ ಗೌಂಡಿ ಭೀಮಶಿಯನ್ನು ಕರೆಸಿದೆ. ಪಂಖದ ತೂತಿನ ಸುತ್ತ ಗೋಡೆಯ ಗಿಲಾಯಿ ಉದುರಿದೆ ಎನ್ನುವುದು ನೆಪ. ಮೊರಬದವನು, ನನ್ನ ಹಳೆಯ ವಿದ್ಯಾರ್ಥಿ. ಒಳಗೆ ಬಂದು, ತಲೆ ಎತ್ತಿ ಛತ್ತು ನೋಡಿ, ಹಣೆ ಒರೆಸಿಕೊಂಡ. ಗಿಲಾಯಿ ನೋಡಲೇ ಇಲ್ಲ.

‘ಸರ್ರ, ಸಿಟ್ಟಾಗೂದಿಲ್ಲಂದ್ರ ಒಂದು ಮಾತು. ಎಂಟನೇತ್ಯಾಗ ನಾನು ನಿಮ್ಮನ್ನ ಒಂದು ಕೇಳಿದ್ನಿ. ಬಿಸಿ ಗಾಳಿ ಮ್ಯಾಲ ಹೋಗತೈತಿ ಅಂದ್ರಿ. ಆಮ್ಯಾಲ ಎಲ್ಲಿಗೆ ಹೋಗತೈತ್ರಿ ಅಂದ್ನಿ.’

‘ಅದು ನೀನೇನು?’

‘ನಾನರಿ. ಕುಂದ್ರು ಅಂದ್ರಿ. ಕುಂತ್ನಿ.’ ಮೇಲಕ್ಕೆ ಬೆರಳು ತೋರಿಸಿ, ‘ಈ ಸ್ಲ್ಯಾಬ್ ಹಾಕೂ ಮುಂದನೂ ಕೇಳಿದ್ನಿರಿ. ಕಿಂಡಿ ಬಿಡೂಣೇನ್ರಿ ಸರ ಅಂತ.’

‘ಆಗ ನಾ ಏನಂದೆ?’

‘ಬ್ಯಾಡ ಅಂದ್ರಿ. ಕುಂದ್ರಾಕ ಜಾಗಾ ಇರಲಿಲ್ಲ, ಸರಳಿನ ಮ್ಯಾಲ ನಿಂತಿದ್ನಿ. ಇಲ್ಲಂದ್ರ ಅದನ್ನೂ ಅಂತಿದ್ರಿ.’

ನಗು ಬಂತು. ಅವನು ನಗಲಿಲ್ಲ.

ಕಿಂಡಿ ಯಾಕೆ ಬೇಡವೆಂದೆ ಎನ್ನುವುದನ್ನು ಅವನಿಗೆ ಹೇಳಲಿಲ್ಲ. ಇಲ್ಲಿ ಬರೆಯಬಹುದು. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಕಿಂಡಿಯ ಮೇಲೆ ಹಿಟ್ಟು ನಾದುವ ದೊಡ್ಡ ಪರಾತ ಮುಚ್ಚಿ ಕಲ್ಲು ಹೇರಬೇಕು. ನಮ್ಮ ಮನೆಯಲ್ಲಿ ಆ ಯಾರಾದರೂ ನಾನಾಗಿದ್ದೆ. ಹತ್ತು ವರ್ಷದವನಿದ್ದಾಗ ಒಂದು ಅಡ್ಡಮಳೆಗೆ ತಡವಾಯಿತು. ನಿಚ್ಚಣಿಕೆ ಜಾರಿತ್ತು. ನೀರು ನೇರವಾಗಿ ಅಮ್ಮನ ಮಗ್ಗದ ಮೇಲೆ ಬಿತ್ತು. ಆಗಿನ ಬಣ್ಣ ನಿಲ್ಲುತ್ತಿರಲಿಲ್ಲ. ಕೆಂಪು ಹರಿದು ಬಿಳಿಗೆ ಹತ್ತಿತು. ಅಮ್ಮ ಬೈಯಲಿಲ್ಲ. ನಾಲ್ಕು ಗೇಣು ನೇಯ್ಗೆಯನ್ನು ಎಂಟು ದಿನ ಕೂತು ಎಳೆ ಎಳೆಯಾಗಿ ಬಿಚ್ಚಿದಳು. ಬೈದಿದ್ದರೆ ಬಹುಶಃ ನಾನು ಸ್ಲ್ಯಾಬ್ ಹಾಕಿಸುತ್ತಿರಲಿಲ್ಲ.

ಭೀಮಶಿಗೆ ಸೋಮವಾರ ಬಾ ಎಂದೆ.

ಮೇ ೧೩, ಸೋಮವಾರ

ದಿನವೆಲ್ಲ ಸುತ್ತಿಗೆ. ಒಂದು ಮೊಳ ಚೌಕ. ಸರಳು ಕತ್ತರಿಸಲಿಲ್ಲ, ಜಾಳಿಗೆಯಂತೆ ಉಳಿಸಿದ್ದಾನೆ. ‘ಆಡು ಬೀಳಬಾರದ್ರಿ’ ಎಂದ. ಮಾಳಿಗೆಯ ನೀರು ಒಳಗೆ ಹರಿಯದಂತೆ ಸುತ್ತ ಗೇಣೆತ್ತರ ಕಟ್ಟೆ ಕಟ್ಟಿದ. ಕಿಂಡಿಯ ಕೆಳಗಿನ ಪ್ಲಾಸ್ಟಿಕ್ ಪಟ್ಟಿಗಳನ್ನೆಲ್ಲ ನಾನೇ ಕಿತ್ತೆ. ಬ್ಯಾಂಕಿನ ಕಳೆ ಹೋಯಿತು.

ಅಷ್ಟಾದರೂ ಗಾಳಿ ಅಲುಗಲಿಲ್ಲ. ಭೀಮಶಿ ಪಡುವಣ ಗೋಡೆಯ ಕಿಟಕಿಯ ಮುಂದೆ ನಿಂತ. ಧೂಳು ಬರುತ್ತದೆಂದು ನಾನು ಮೊಳೆ ಹೊಡೆದು ಮುಚ್ಚಿದ ಕಿಟಕಿ ಅದು.

‘ಮೂಗ ಒಂದ ಮಾಡಿದ್ರ ಆಗೂದಿಲ್ರಿ ಸರ. ಬಾಯಿನೂ ತಗೀಬೇಕು.’

ಮೊಳೆ ಕಿತ್ತೆವು. ಮೊದಲು ಧೂಳು ಬಂತು, ಆಮೇಲೆ ಗಾಳಿ. ಗೋಡೆಯ ಕ್ಯಾಲೆಂಡರಿನ ಹಾಳೆಗಳು ಒಂದೊಂದಾಗಿ ಎದ್ದು ಬಿದ್ದವು.

ಎದುರಿನಿಂದ ದಿನವೆಲ್ಲ ಪಂಜಾದ ಸದ್ದು ನಿಲ್ಲಲೇ ಇಲ್ಲ. ಸಂಜೆ ಗೌರಕ್ಕ ಮಾತ್ರ ಬಂದು, ಕಿಂಡಿಯ ಕೆಳಗೆ ನಿಂತು ಮೇಲೆ ನೋಡಿದರು. ‘ಈಗ ನೋಡ್ರಿ, ಮನಿಗೆ ಜೀವ ಬಂತು.’ ತಬಸುಮ್ ರಾತ್ರಿ ಬಂದು ನೆಲದ ಸಿಮೆಂಟಿನ ಪುಡಿ ಗುಡಿಸಿದಳು. ಮೇಲೆ ನೋಡಲಿಲ್ಲ. ಅಥವಾ ನಾನು ನೋಡುವಾಗ ನೋಡಲಿಲ್ಲ.

ಮೇ ೧೫, ಬುಧವಾರ

ಮೂರು ಗಂಟೆಗೆ ೩೪. ಎದುರು ಮನೆಯಲ್ಲಿ ೩೩. ಈ ಬಾರಿ ಉಷ್ಣಮಾಪಕವನ್ನು ಜೇಬಿನಲ್ಲಿಟ್ಟುಕೊಂಡು ನಾನೇ ಹೋದೆ. ಆ ಒಂದು ಡಿಗ್ರಿಯನ್ನು ತಬಸುಮಳಿಗೆ ಹೇಳಬೇಕೋ ಬೇಡವೋ ತಿಳಿಯದೆ, ಹೇಳದೆ ಬಂದೆ.

ಮೇ ೧೭, ಶುಕ್ರವಾರ

ಮಧ್ಯಾಹ್ನ ನಮಾಜು ಮುಗಿಸಿ ಅಳತೆಗೆ ಹೋಗಿದ್ದೆ. ಎಂಟು ಗೇಣು, ಮೇಲಿನ ನವಿಲುಗಳಿಗೆ ಕುತ್ತಿಗೆವರೆಗೆ ಬಂದಿತ್ತು, ತಲೆಯೊಂದು ಬಾಕಿ. ಗೌರಕ್ಕ ಸಂತೆಗೆ ಹೋಗಿದ್ದರು. ನಾನು ಎಂದಿನ ಗೋಡೆಗೆ ಒರಗಿದ್ದೆ. ನೆಲದ ಮೇಲಿನ ಬಿಸಿಲಿನ ಬಿಲ್ಲೆ ಇದ್ದಕ್ಕಿದ್ದಂತೆ ಮಾಯವಾಯಿತು. ಪಡುವಣದಿಂದ ಮಣ್ಣಿನ ವಾಸನೆ. ಓಣಿಯ ತುದಿಯಲ್ಲಿ ಯಾರೋ ಕೂಗಿದರು: ‘ಮಳಿ ಬಂತೂ, ಕಿಂಡಿ ಮುಚ್ಚರೀ.’

ಶಂಭುಲಿಂಗಪ್ಪ ಕಟ್ಟೆಯಿಂದ ಏಳಲು ಮೊಣಕಾಲು ಹಿಡಿದುಕೊಂಡರು. ಅಷ್ಟರಲ್ಲಿ ನಾನು ನಿಚ್ಚಣಿಕೆಯ ಅರ್ಧದಲ್ಲಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. ಪರಾತ ಮಾಳಿಗೆಯ ಮೇಲೆಯೇ ಇತ್ತು, ಕಲ್ಲು ಸಿಗಲಿಲ್ಲ. ಗಾಳಿಗೆ ಪರಾತ ಎದ್ದು ಹೋಗುತ್ತಿತ್ತು. ಮುಚ್ಚಿ, ಅದರ ಮೇಲೆ ನಾನೇ ಕೂತೆ. ಆಲಿಕಲ್ಲು ಶುರುವಾಯಿತು. ಐವತ್ತೆರಡು ವಯಸ್ಸಿನ ಸಹಶಿಕ್ಷಕ, ಶುಕ್ರವಾರದ ಬಿಳಿ ಬಟ್ಟೆಯಲ್ಲಿ, ಪರಾತದ ಮೇಲೆ. ಸುತ್ತಲಿನ ಮಾಳಿಗೆಗಳ ಮೇಲೆಲ್ಲ ಒಬ್ಬೊಬ್ಬರು ಹತ್ತಿದ್ದರು. ಯಾರೋ ನನಗೆ ಕೈ ಎತ್ತಿದರು. ನಾನೂ ಎತ್ತಿದೆ.

ಕೆಳಗಿನಿಂದ ತಬಸುಮಳ ದನಿ, ಪರಾತದ ಮೂಲಕ: ‘ಮ್ಯಾಲ ಯಾರ್ರೀ?’

‘ನಾನು.’

‘ನೂಲು ಒಣಾ ಐತಿ, ಹನಿ ಬಿದ್ದಿಲ್ಲ.’ ಆಮೇಲೆ: ‘ನಮ್ಮ ಮನಿ ಕಿಂಡಿ ಮುಚ್ಚೀರೇನು?’

ತಿರುಗಿ ನೋಡಿದೆ. ರಸ್ತೆಯ ಆಚೆ, ಸುಣ್ಣ ಬಳಿದ ಬೆಳ್ಳನೆಯ ಸ್ಲ್ಯಾಬಿನ ನಡುವೆ, ನನ್ನ ಹೊಸ ಕಿಂಡಿ ಬಾಯಿ ತೆರೆದುಕೊಂಡು ಇಡೀ ಮಳೆಯನ್ನು ಕುಡಿಯುತ್ತಿತ್ತು. ಇಳಿದು ಓಡಬಹುದಿತ್ತು. ಎದ್ದರೆ ಪರಾತ ಹಾರುತ್ತದೆ.

‘ಇಲ್ಲ’ ಎಂದೆ.

ಕೆಳಗೆ ಅವಳು ನಗುವುದು ಕೇಳಿಸಿತು. ಕಟ್ಟೆಯಿಂದ ಶಂಭುಲಿಂಗಪ್ಪ: ‘ಮಾಸ್ತರ, ಈಗ ನಿಮ್ಮ ಮನಿ ಅಗದಿ ತಣ್ಣಗಾತು ನೋಡ್ರಿ.’

ಮೇ ೧೮, ಶನಿವಾರ

ನೀರು ಬಳಿದು ಹಾಕಿದೆವು. ಒಂದು ಉಷ್ಣಮಾಪಕ ಆಲಿಕಲ್ಲಿಗೆ ಒಡೆದಿದೆ. ಇನ್ನೊಂದು ಎಲ್ಲಿದೆಯೋ ಗೊತ್ತಿಲ್ಲ. ಈ ದಿನಚರಿಯ ಮೊದಲ ಹಾಳೆಗಳ ಶಾಯಿ ಹರಡಿದೆ. ಸುಣ್ಣ ಬಳಿದ ದಿನ ಎಷ್ಟು ಡಿಗ್ರಿ ಇಳಿದಿತ್ತು ಎನ್ನುವುದನ್ನು ಈಗ ದೀಪದ ಹತ್ತಿರ ಹಿಡಿದು ಓದಬೇಕು. ನೆಗಡಿ.

ಮೇ ೨೨, ಬುಧವಾರ

ಸೋಮವಾರ ಜಮಖಾನ ಕತ್ತರಿಸಿದರು. ಗೌರಕ್ಕ ಅದಕ್ಕೆ ಕುಂಕುಮ ಹಚ್ಚಲು ಹೋಗಿ, ಕಲೆ ಬಿದ್ದೀತೆಂದು ನೆನಪಾಗಿ, ಮಗ್ಗದ ಕಂಬಕ್ಕೆ ಹಚ್ಚಿದರು. ನಿನ್ನೆ ಬೆಳಿಗ್ಗೆ ತಬಸುಮ್ ಒಂದು ಕಂಬದ ಆ ತುದಿ ಹಿಡಿದು ನಿಂತಳು. ಈ ತುದಿ ನಾನು ಹಿಡಿದೆ. ಯಾವ ಕಡೆ ಎಂದು ನಾನು ಕೇಳಲಿಲ್ಲ. ಅವಳು ನಡೆದ ಕಡೆ ನಡೆದೆ. ರಸ್ತೆ ದಾಟಿದೆವು. ಕಟ್ಟೆಯ ಮೇಲಿಂದ ಶಂಭುಲಿಂಗಪ್ಪ, ‘ಇನ್ನ ನನಗ ಹೊತ್ತು ಹೆಂಗ ಹೋಗಬೇಕರಿ’ ಎಂದರು.

ಮಗ್ಗವನ್ನು ಕಿಂಡಿಯ ನೇರಕ್ಕೆ ನಿಲ್ಲಿಸಲು ಹೋದೆ, ಬೆಳಕು ಚೆನ್ನಾಗಿದೆ ಎಂದು. ಅವಳು ತಲೆ ಎತ್ತಿ ನೋಡಿದಳು. ‘ಒಂದು ಮೊಳ ಆ ಕಡಿ ಸರಸ್ರಿ. ನಿಮ್ಮ ಮ್ಯಾಲ ಅಷ್ಟು ಭರೋಸಾ ಬ್ಯಾಡ’ ಎಂದಳು, ಉರ್ದುವಿನಲ್ಲಿ. ಹಾಗೆಂದು ಹೇಳಿ, ಒಳಗಿನಿಂದ ದೊಡ್ಡ ಪರಾತವನ್ನು ತಂದು ಮೆಟ್ಟಿಲ ಬುಡಕ್ಕೆ ತಾನೇ ಒರಗಿಸಿಟ್ಟಳು. ಪಕ್ಕದಲ್ಲಿ ಒಂದು ಕಲ್ಲು.

ಇವತ್ತು ಹೊಸ ಹಾಸು ಬಿಗಿದಿದ್ದಾಳೆ. ಸೆಕೆ ಇದೆ, ಇಲ್ಲವೆಂದಲ್ಲ. ಪಡುವಣ ಕಿಟಕಿಯಿಂದ ಗಾಳಿಯ ಜೊತೆ ಒಂದಿಷ್ಟು ಧೂಳು. ಮೂರು ಗಂಟೆಗೆ ಎಷ್ಟಿತ್ತು ಎಂದು ನೋಡಲು ಏನೂ ಇಲ್ಲ. ಬಿಸಿಲಿನ ಬಿಲ್ಲೆ ಕಂಬಕ್ಕೆ ತಾಗಿದಾಗ ನಾನು ಚಹಾಕ್ಕೆ ಇಟ್ಟೆ.

ಒಂದು ಸಾಲು ತಿದ್ದಬೇಕು. ಮೇ ಹತ್ತರಂದು ನಿಚ್ಚಣಿಕೆ ಜಾರಿತ್ತು ಎಂದು ಬರೆದಿದ್ದೇನೆ. ಜಾರಿರಲಿಲ್ಲ. ಹತ್ತಿದ್ದೆ. ಪರಾತ ಕೈಯಲ್ಲೇ ಇತ್ತು. ಯರೆಹೊಲಗಳ ಆಚೆಯಿಂದ ಮಳೆ ನಡೆದು ಬರುತ್ತಿತ್ತು. ಅಷ್ಟು ದೊಡ್ಡದಾದದ್ದು ಏನೂ ನನ್ನ ಕಡೆಗೆ ಅಲ್ಲಿಯವರೆಗೆ ಬಂದಿರಲಿಲ್ಲ. ನೋಡುತ್ತ ನಿಂತುಬಿಟ್ಟೆ, ಅಷ್ಟೇ.

ಮೊನ್ನೆ ಪರಾತದ ಮೇಲೆ ಕೂತಿದ್ದಾಗಿನಿಂದ ಒಂದೇ ಯೋಚನೆ. ಕಿಂಡಿಯಿಂದ ಕೆಳಗಿನದು ಕಾಣುತ್ತದೆ ಎಂದರೆ ಕೆಳಗಿನಿಂದ ಮೇಲಿನದೂ ಕಾಣಬೇಕು. ಅಮ್ಮಾ, ಅವತ್ತು ನೀನು ಮಗ್ಗದ ಮುಂದೆ ಕೂತೇ ತಲೆ ಎತ್ತಿ ನೋಡಿದ್ದೆಯಾ? ಪರಾತ ಹಿಡಿದು ಬಾಯಿ ತೆರೆದು ನಿಂತ ನಾನು ಕಂಡಿದ್ದೆನೇ, ಕಂಡೂ ಕೂಗದೆ ಇದ್ದುಬಿಟ್ಟೆಯಾ?